ಮಸಾಜ್ ಮೇಜಿನ ಮೇಲೆ ಬಂದ ಅಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 48 ವರ್ಷ, ಬ್ಯಾಂಕ್ ಉದ್ಯೋಗಿ. ಕುತ್ತಿಗೆ, ಹೆಗಲು ಬಿಗಿ ಹಿಡಿದಿದ್ದರಿಂದ ಅಭ್ಯಂಗಕ್ಕೆ ಹೋಗುತ್ತಿದ್ದರು. ಒಂದು ದಿನ ಬೋರಲು ಮಲಗಿ ಬೆನ್ನಿಗೆ ಎಣ್ಣೆ ನೀವಿಸಿಕೊಳ್ಳುತ್ತಿದ್ದವರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

ಆಮೇಲೆ ನನ್ನ ಬಳಿ ಬಂದು ಹೇಳಿಕೊಂಡರು: "ಅಪ್ಪ ಹೋದಾಗಲೂ ಅತ್ತವನಲ್ಲ ಮೇಡಂ. ಮಸಾಜ್ ಮಾಡೋ ಆ ಹುಡುಗನ ಮುಂದೆ ಮರ್ಯಾದೆ ಹೋಯ್ತು."

ಅಲ್ಲಿನವರು, ದುಃಖ ಮಾಂಸಖಂಡದಲ್ಲಿ ಗಂಟು ಕಟ್ಟಿದೆ, ಕರಗಬೇಕಾದರೆ ಪ್ಯಾಕೇಜ್ ತಗೊಳ್ಳಿ ಅಂದರಂತೆ. ದುಃಖ ಹಾಗೆ ಸ್ನಾಯುವಿನಲ್ಲಿ ಕೂತಿರುತ್ತದೆ ಎನ್ನಲು ಆಧಾರವಿಲ್ಲ. ಮಸಾಜಿನಿಂದ ಮೈಯ ವಿಷ ಹೊರಹೋಗುತ್ತದೆ ಎನ್ನುವುದೂ ಅದೇ ಜಾತಿಯ ಮಾತು.

ಆಗುವುದಿಷ್ಟು: ನಿಧಾನವಾದ ನೇವರಿಕೆಗೆಂದೇ ಸ್ಪಂದಿಸುವ ನರತಂತುಗಳು ಚರ್ಮದಲ್ಲಿವೆ. ಕೈ ಸೆಕೆಂಡಿಗೆ 1ರಿಂದ 10 ಸೆಂ.ಮೀ. ವೇಗದಲ್ಲಿ ಸರಿದರೆ ಅವು ಚೆನ್ನಾಗಿ ಎಚ್ಚರಗೊಳ್ಳುತ್ತವೆ. ಎದೆಬಡಿತ ಇಳಿಯುತ್ತದೆ, ಉಸಿರು ದೀರ್ಘವಾಗುತ್ತದೆ. ಮೈ ಹೀಗೆ ಸಡಿಲವಾದಾಗ ತಡೆದಿಟ್ಟ ಅಳು ಹೊರಬೀಳುವುದುಂಟು. ಅದು ಕಾಯಿಲೆಯಲ್ಲ, ನಾಚಿಕೆಯ ವಿಷಯವೂ ಅಲ್ಲ.

ಅಪ್ಪನ ಬಗ್ಗೆ ಕೇಳಿದೆ. ಹಿರಿಮಗ, ಆಸ್ಪತ್ರೆಯ ಬಿಲ್ಲಿನಿಂದ ವೈಕುಂಠ ಸಮಾರಾಧನೆಯ ಅಡುಗೆಯವರ ತನಕ ಎಲ್ಲ ಇವರದೇ ಓಡಾಟ. ಆಮೇಲೆ ತಾವಾಗಿಯೇ ಹೇಳಿದರು: "ಪ್ರತಿ ನರಕ ಚತುರ್ದಶಿಗೆ ಅಪ್ಪನೇ ನೆತ್ತಿಗೆ ಎಣ್ಣೆ ಒತ್ತೋರು. ಹೋದ ವರ್ಷ ಕೈ ನಡುಗಿ ಕಣ್ಣಿಗೆಲ್ಲ ಇಳಿದಿತ್ತು. ನಾನು ಬೈದುಬಿಟ್ಟೆ." ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಮೊದಲು ಅವರಿಗೆ ಹೇಳಿ ಅಂದೆ.

ಮಾತಿನ ನಡುವೆ ಎಡಗೈ ಹೆಬ್ಬೆರಳನ್ನು ಪದೇ ಪದೇ ಒತ್ತಿಕೊಳ್ಳುತ್ತಿದ್ದರು. ಕೇಳಿದರೆ, ತಿಂಗಳಿಂದ ಜೋಮು ಹಿಡಿಯುತ್ತಿದೆಯಂತೆ. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದ್ದರೂ ಹೀಗಾಗಬಹುದು. ಮೂಳೆ ವೈದ್ಯರು ನೋಡುವವರೆಗೆ ಕುತ್ತಿಗೆ ಮುಟ್ಟಿಸಬೇಡಿ, ಲಟಿಕೆ ತೆಗೆಸುವುದಂತೂ ಬೇಡವೇ ಬೇಡ ಎಂದು ಗಟ್ಟಿಯಾಗಿಯೇ ಹೇಳಿದೆ.

ಮಸಾಜ್ ಬಿಡಬೇಕೇ ಎಂದರು. ಬೇಡ. ಅದರಿಂದ ಸಿಗುವ ಹಗುರ ನಿಜವೇ, ಆದರೆ ಹೆಚ್ಚು ದಿನ ನಿಲ್ಲುವುದಿಲ್ಲ. ವೈದ್ಯರು ಒಪ್ಪಿದ ಮೇಲೆ ಬೇಕೆನಿಸಿದಾಗ ಹೋಗಿ, ಮುಂಗಡ ಕಟ್ಟಬೇಡಿ. ಅಳು ಬಂದರೆ ಅಳಿ. ಸಾಕೆನಿಸಿದರೆ "ನಿಲ್ಲಿಸಪ್ಪಾ" ಅನ್ನಿ. ಜ್ವರವಿದ್ದಾಗ, ಒಂದೇ ಕಾಲು ಊದಿ ನೋಯುವಾಗ ಹೋಗಲೇಬೇಡಿ; ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಒತ್ತುವುದು ಅಪಾಯ.

ಮುಂದಿನ ಸಲ ಹೆಂಡತಿಯೂ ಜೊತೆಗೆ ಬಂದರು. "ಇವರು ಗಟ್ಟಿಯಾಗಿದ್ದಾರಲ್ಲ ಅಂತ ನಾನೂ ಮಾವನ ಸುದ್ದಿ ಎತ್ತಿರಲಿಲ್ಲ" ಎಂದರು. ಹೆಬ್ಬೆರಳಿಗೆ ಫಿಸಿಯೊಥೆರಪಿ ಶುರುವಾಗಿದೆ. ಪ್ಯಾಕೇಜ್ ತೆಗೆದುಕೊಂಡಿಲ್ಲ.