ಅವಾಂಟ್ ಗಾರ್ಡ್ ಬೋಲ್ಡ್ ಎಂಬ ದಪ್ಪ ಇಂಗ್ಲಿಷ್ ಫಾಂಟ್ ಹಳೆ ಪೋಸ್ಟರ್‌ಗಳಲ್ಲಿ ಚೆಂದ, ನಮ್ಮ ಕಾಫಿ ಅಂಗಡಿಯ ಬೋರ್ಡಿಗೆ ಟೈಪ್ ಮಾಡಿದರೆ ಸಪ್ಪೆ. ಯಾಕೆ?

ಫಾಂಟ್‌ನಲ್ಲಿ ತಪ್ಪಿಲ್ಲ. ಬರೀ ಟೈಪ್ ಮಾಡಿಬಿಟ್ಟರೆ ಅದರ ಅರ್ಧ ಗುಣ ಹೊರಗೇ ಉಳಿಯುತ್ತದೆ.

ಈ ಅಕ್ಷರಗಳು ಹುಟ್ಟಿದ್ದು ಒಂದೇ ಒಂದು ಹೆಸರಿಗಾಗಿ. 1968ರಲ್ಲಿ ಅಮೆರಿಕದ ರಾಲ್ಫ್ ಗಿಂಜ್‌ಬರ್ಗ್ ‘ಅವಾಂಟ್ ಗಾರ್ಡ್’ ಪತ್ರಿಕೆ ಶುರುಮಾಡಿದಾಗ ಅದರ ಹೆಸರನ್ನು ವಿನ್ಯಾಸ ಮಾಡಿದವರು ಹರ್ಬ್ ಲುಬಾಲಿನ್. ಇಂಗ್ಲಿಷಿನ ಎ, ವಿ ಅಕ್ಷರಗಳ ಓರೆಗೆರೆಗಳು ಒಂದಕ್ಕೊಂದು ಒರಗಿ, ನಡುವೆ ಕೂದಲೆಳೆಯಷ್ಟೇ ಜಾಗ ಉಳಿಯುವಂತೆ ಕೂರಿಸಿದರು. ಆಮೇಲೆ ಟಾಮ್ ಕಾರ್ನೇಸ್ ಜೊತೆ ಸೇರಿ ಪೂರ್ತಿ ಅಕ್ಷರಮಾಲೆ ಮಾಡಿದರು. 1970ರಲ್ಲಿ ಐಟಿಸಿ (ಇಂಟರ್‌ನ್ಯಾಷನಲ್ ಟೈಪ್‌ಫೇಸ್ ಕಾರ್ಪೊರೇಷನ್) ಎಂಬ ಫಾಂಟ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಬೆಸೆದ ಜೋಡಿ ಅಕ್ಷರಗಳು, ಅಂದರೆ ಲಿಗೇಚರ್‌ಗಳು, ಅದರಲ್ಲಿ ರಾಶಿ ಇದ್ದವು. ಸೀಸದ ಮೊಳೆ ಜೋಡಿಸುವ ಕಾಲದಲ್ಲಿ ಇದು ಸುಲಭವಿರಲಿಲ್ಲ, ಪ್ರತಿ ಮೊಳೆಗೂ ತನ್ನದೇ ಚೌಕಟ್ಟು. ಅಕ್ಷರಗಳನ್ನು ಬೆಳಕಿನಿಂದ ಫಿಲ್ಮಿನ ಮೇಲೆ ಮೂಡಿಸುವ ಫೋಟೊ ಟೈಪ್‌ಸೆಟ್ಟಿಂಗ್ ಬಂದ ಮೇಲೆ ಒಂದರ ಮೇಲೊಂದು ಹತ್ತಿಸಿದರೂ ತೊಂದರೆ ಇರಲಿಲ್ಲ.

ಆದರೆ ಮುಂದೆ ಲೇಸರ್ ಪ್ರಿಂಟರ್‌ಗಳ ಜೊತೆ ಮನೆಮನೆಗೆ ಬಂದ ಅವಾಂಟ್ ಗಾರ್ಡ್‌ನಲ್ಲಿ ಆ ಜೋಡಿಗಳಿರಲಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವುದೂ ಬಹುಶಃ ಅಂಥದ್ದೇ. ಪ್ರೋ ಆವೃತ್ತಿ ಕೊಂಡರೆ ಡಿಸೈನ್ ಸಾಫ್ಟ್‌ವೇರಿನ ಗ್ಲಿಫ್ಸ್ ಪ್ಯಾನೆಲ್‌ನಲ್ಲಿ, ಅಂದರೆ ಫಾಂಟಿನ ಎಲ್ಲ ಅಕ್ಷರರೂಪಗಳ ಪಟ್ಟಿಯಲ್ಲಿ, ಜೋಡಿಗಳು ಸಿಗುತ್ತವೆ. ಕೊಳ್ಳುವುದು ಬೇಡವೆಂದರೆ ಇದೇ ಜಾತಿಯ ಯುಆರ್‌ಡಬ್ಲ್ಯೂ ಗೋಥಿಕ್ ಉಚಿತ. ಕರ್ನಿಂಗ್, ಅಂದರೆ ಅಕ್ಷರ ಅಕ್ಷರದ ನಡುವಿನ ಜಾಗ, ಮಾತ್ರ ಕೈಯಾರೆ ಬಿಗಿ ಮಾಡಿಕೊಳ್ಳಿ. ಎ ಪಕ್ಕ ವಿ, ಎಲ್ ಪಕ್ಕ ಟಿ ಬಂದ ಕಡೆ ಮೊದಲು ನೋಡಿ, ಹೊಂಡ ಬೀಳುವುದು ಅಲ್ಲೇ.

ಇನ್ನೊಂದು ಮಾತು. ಕಂಪಾಸ್ ಹಿಡಿದು ಗೀಚಿದಂತೆ ಕಂಡರೂ ಬೋಲ್ಡ್‌ನಲ್ಲಿ ದುಂಡು ಗೆರೆ ನೆಟ್ಟ ಗೆರೆಯನ್ನು ಸೇರುವ ಕಡೆ ಕೊಂಚ ತೆಳುವಾಗಿಸಿರುತ್ತಾರೆ. ಇಲ್ಲದಿದ್ದರೆ ಆ ಮೂಲೆ ಶಾಯಿ ಮಡುಗಟ್ಟಿದ ಹಾಗೆ ಕಪ್ಪಗಾಗುತ್ತದೆ. ತೆಳು ಫಾಂಟ್‌ಗೆ ಔಟ್‌ಲೈನ್ ಹಾಕಿ ಬೋಲ್ಡ್ ಮಾಡಿಕೊಳ್ಳುವವರು ಹಾಳುಮಾಡುವುದು ಇದನ್ನೇ. ದಯವಿಟ್ಟು ಆ ಕೆಲಸ ಬೇಡ.

ಬಳಕೆ ಅಂದರೆ ಲೋಗೋ, ಪೋಸ್ಟರ್ ತಲೆಬರಹ, ಮುಖಪುಟ, ಪ್ಯಾಕೆಟ್. ಅಡಿಡಾಸ್ ಹೆಸರು ನೋಡಿ: ಸಣ್ಣಕ್ಷರದ ಎ, ಡಿ ಎರಡೂ ಒಂದೇ ದುಂಡಿಗೆ ಕೋಲು ಸಿಕ್ಕಿಸಿದ್ದು. ಆರು ಅಕ್ಷರದಲ್ಲಿ ಅದೇ ಸೊಗಸು, ಮೆನು ಕಾರ್ಡಿನ ಸಣ್ಣ ಸಾಲುಗಳಲ್ಲಿ ಅದೇ ಕಣ್ಣಿಗೆ ಹಿಂಸೆ.

ಬೋರ್ಡಿನಲ್ಲಿ ಕನ್ನಡವೂ ಇರುತ್ತದಲ್ಲ, ಅದಕ್ಕೆ ಏಕ್ ಟೈಪ್ ಎಂಬ ಫಾಂಟ್ ತಯಾರಕರ ‘ಬಾಲೂ ತಮ್ಮ’ ಹಾಕಿ ನೋಡಿ; ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಅದು ಜ್ಯಾಮಿತಿಯ ಶಿಸ್ತಿನದಲ್ಲ, ಮೂಲೆಗಳು ಮೆತ್ತಗಿವೆ, ಆದರೆ ದಪ್ಪ ಸರಿಸಾಟಿಯಾಗಿ ನಿಲ್ಲುತ್ತದೆ. ಇಂಗ್ಲಿಷಿನಷ್ಟೇ ಬಿಗಿಯಾಗಿ ಸಾಲು ಇಡಬೇಡಿ. ‘ಸೌರಾಷ್ಟ್ರ’ದಂಥ ಪದ ಬಂದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಗಲುತ್ತವೆ.