ಗಾಜಿಗೆ ಅಂಟಿದ ಫೋಟೋನ ದಯವಿಟ್ಟು ಎಳೀಬೇಡಿ

ಅಜ್ಜ-ಅಜ್ಜಿಯ ಮದುವೆ ಫೋಟೋ ಫ್ರೇಮಿನ ಗಾಜಿಗೆ ಅಂಟಿದೆ, ಮನೆಯಲ್ಲೇ ಬಿಡಿಸಿ ಲ್ಯಾಮಿನೇಟ್ ಮಾಡಿಸೋದಾ, ಸ್ಟುಡಿಯೋಗೆ ಕೊಡೋದಾ ಅಂತ ಕೇಳಿದ್ದೀರಿ. ಎರಡೂ ಬೇಡ. ಬಿಡಿಸೋದೇ ಬೇಡ. ಹೇರ್ ಡ್ರೈಯರ್ ಕೈಯಲ್ಲಿದ್ದರೆ ಮೊದಲು ಕೆಳಗಿಡಿ.

ನಾನು ಬಿಡಿಸಿದವನು. ಸಿರ್ಸಿ ಹತ್ತಿರದ ಹಳ್ಳಿ ನಮ್ಮದು. ಅಜ್ಜನ ಮದುವೆ ಆಗಿದ್ದು 1951ರಲ್ಲಿ, ಇಡೀ ಮದುವೆಗೆ ಒಂದೇ ಫೋಟೋ. ಅಜ್ಜ ಕೋಟು ಹಾಕಿ ಕುರ್ಚಿಯಲ್ಲಿ ಕೂತಿದ್ದಾನೆ, ಅಜ್ಜಿ ಪಕ್ಕಕ್ಕೆ ನಿಂತಿದ್ದಾಳೆ, ಇಬ್ಬರ ಹಣೆಗೂ ಬಾಸಿಂಗ. ಅಜ್ಜಿಗೆ ಆಗ ಹದಿನಾರು. ನಗು ಇಲ್ಲ, ಮೂಗುತಿ ಮಾತ್ರ ಹೊಳೀತಿತ್ತು. ಅರವತ್ತು ವರ್ಷ ಅದು ಜಗಲಿಯ ಮಣ್ಣಿನ ಗೋಡೆ ಮೇಲೇ ಇತ್ತು. ನೀವು ಹೊನ್ನಾವರದವರು, ನಮ್ಮ ಮಳೆಗಾಲ ನಿಮಗೆ ಹೇಳಬೇಕಾ? ಪೆಟ್ಟಿಗೆಯೊಳಗಿನ ಕಂಬಳಿಗೂ ಬೂಷ್ಟು ಹಿಡಿಯುತ್ತೆ.

2015ರಲ್ಲಿ ಅಜ್ಜಿಗೆ ಎಂಬತ್ತು ತುಂಬುತ್ತೆ, ಹೊಸ ಫ್ರೇಮ್ ಹಾಕಿಸೋಣ ಅಂತ ಹೊರಟೆ. ಅದೂ ಜುಲೈನಲ್ಲಿ. ಹಿಂದಿನ ಮೊಳೆ ಕಿತ್ತು ಹಲಗೆ ತೆಗೆದೆ, ಡ್ರೈಯರ್ ಹಿಡಿದೆ, ಒಂದು ಮೂಲೆ ಸಲೀಸಾಗಿ ಎದ್ದು ಬಂತು. ಆ ಮೂಲೆಯೇ ನನ್ನನ್ನು ಕೆಡಿಸಿದ್ದು. ಮೂಲೆ ಬಂತಲ್ಲ, ಉಳಿದದ್ದೂ ಬರುತ್ತೆ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಕಾಗದ ಸೊಟ್ಟಗಾಗಿ ಮೂಲೆ ಗಾಜಿಗೆ ತಾಗಿರಲೇ ಇಲ್ಲ, ಅಂಟಿರದ್ದನ್ನು ನಾನು ಬಿಡಿಸಿದ್ದೆ ಅಷ್ಟೇ. ಅಂಟಿದ್ದು ನಡುವೆ, ಅಂದರೆ ಮುಖಗಳ ಹತ್ತಿರ. ಆ ಕಾಲದ ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರ ಇರೋದು ಕಾಗದದಲ್ಲಿ ಅಲ್ಲ, ಅದರ ಮೇಲಿನ ಜೆಲಟಿನ್ ಪದರದಲ್ಲಿ. ಜೆಲಟಿನ್ ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯೋ ಅಂಟು (ಇದನ್ನು ಅಜ್ಜಿಗೆ ಹೇಳಲಿಲ್ಲ). ಮಳೆಗಾಲದ ತೇವಕ್ಕೆ ಉಬ್ಬಿ ಮೆತ್ತಗಾಗಿ ಗಾಜಿಗೆ ಹತ್ತುತ್ತೆ, ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತೆ. ಅರವತ್ತು ಮಳೆಗಾಲ ಹೀಗಾದ ಮೇಲೆ ಅದಕ್ಕೆ ಕಾಗದಕ್ಕಿಂತ ಗಾಜೇ ಹತ್ತಿರದ ನೆಂಟ. ಚರ್ ಅಂತ ಸಣ್ಣ ಸದ್ದು. ಅಜ್ಜ ಕಾಗದದ ಜೊತೆ ಬಂದ. ಅಜ್ಜಿಯ ಮುಖ ಗಾಜಿನಲ್ಲೇ ಉಳೀತು, ಕಾಗದದಲ್ಲಿ ಬಾಸಿಂಗದ ಕೆಳಗೆ ಬಿಳಿ ಬಿಳಿ.

ಅಜ್ಜಿ ಅಡುಗೆಮನೆಯಿಂದ ಬಂದು ನೋಡಿದಳು. "ಅಡ್ಡಿಲ್ಲೆ ಬಿಡಾ ತಮಾ" ಅಂದು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ನಿಮ್ಮದು ಗಾಜಿನ ಸಮೇತವೇ ಇರಲಿ. ಗಾಜಿನ ಹೊರಮೈಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಹಾಗೇ ಸ್ಕ್ಯಾನ್ ಮಾಡಿ, 600 ಡಿಪಿಐ (ಇಂಚಿಗೆ 600 ಚುಕ್ಕೆ), ಟಿಫ್ ಫೈಲು (ಚಿತ್ರದ ವಿವರ ಕಳೆಯದ ಬಗೆ). ಈಗಿನ ತೆಳು ಸ್ಕ್ಯಾನರುಗಳಲ್ಲಿ ಹೆಚ್ಚಿನವು ಸಿಐಎಸ್ ಅನ್ನೋ ಸೆನ್ಸರಿನವು, ಸ್ಕ್ಯಾನರಿಗೆ ತಾಗಿದ್ದು ಮಾತ್ರ ಸ್ಪಷ್ಟ, ಫ್ರೇಮಿನ ಗಾಜಿನ ಆಚೆ ಇರೋದು ಮಸುಕಾಗುತ್ತೆ. ಸ್ವಲ್ಪ ದೂರದ್ದನ್ನೂ ಸ್ಪಷ್ಟವಾಗಿ ಹಿಡಿಯೋ ಸಿಸಿಡಿ ಸೆನ್ಸರ್ ಇರೋ ದಪ್ಪ ಸ್ಕ್ಯಾನರ್ ಹುಡುಕಿ. ಸಿಗದಿದ್ದರೆ ಕ್ಯಾಮೆರಾ ಸಾಕು, ಎರಡೂ ಕಡೆಯಿಂದ ಓರೆಯಾಗಿ ಬೆಳಕು ಬಿಡಿ, ಕ್ಯಾಮೆರಾ ಹಿಂದೆ ಕರಿ ಬಟ್ಟೆ ಕಟ್ಟಿ, ಪ್ರತಿಬಿಂಬ ಹೋಗುತ್ತೆ. ಬೇಸಿಗೆಯಲ್ಲಿ ಮಾಡಿ. ಹಿಂದಿನ ಹಲಗೆಯನ್ನು ಮೆಲ್ಲಗೆ ತೆಗೆಯೋಕೆ ಬಂದರೆ ಫೋಟೋದ ಬೆನ್ನಿನದೂ ಒಂದು ಚಿತ್ರ ಹಿಡಿದಿಡಿ. ನಮ್ಮದರ ಬೆನ್ನಿಗೆ ಅಜ್ಜ ಶಾಯಿಯಲ್ಲಿ "ಸಿರ್ಸಿ, ಮುಂಬಯಿ ರಾಜ್ಯ" ಅಂತ ಬರೆದಿದ್ದ. ಹೌದಲ್ಲ, 1956ರವರೆಗೆ ನಾವು ಆ ಕಡೆಯವರೇ.

ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿ ಕೊಟ್ಟು ಪ್ಲಾಸ್ಟಿಕ್ಕಿಗೆ ಅಂಟಿಸಿದ್ದನ್ನು ಮತ್ತೆ ಬಿಡಿಸೋಕೆ ಆಗಲ್ಲ, ಈಗಿನ ಗೋಳೇ ಎರಡರಷ್ಟು. ಅಂಟು ಪುಟದ ಆಲ್ಬಮ್ಮೂ ಅಷ್ಟೇ. ಬಣ್ಣ ತುಂಬೋ ಆ್ಯಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ: ನಮ್ಮ ಸ್ಕ್ಯಾನಿಗೆ ಅದು ಕೆಂಪು ಸೀರೆ ಉಡಿಸಿತು. ಅಜ್ಜಿ ಉಟ್ಟಿದ್ದು ಹಸಿರು.

ಹೊಸ ಪ್ರಿಂಟ್ ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ಸುತ್ತ ಮೌಂಟ್ ಬೋರ್ಡ್ (ದಪ್ಪ ರಟ್ಟು) ಪಟ್ಟಿ ಇಡಿಸಿ, ಎರಡೂ ತಾಗಬಾರದು. ಅದನ್ನು ಗೋಡೆಗೆ ಹಾಕಿ. ಮೂಲ ಫೋಟೋ ಕಪಾಟಿನಲ್ಲಿರಲಿ.

ನಮ್ಮ ಆ ಗಾಜನ್ನು ನಾನು ಎಸೆದಿಲ್ಲ. ಒಂದು ದಿನ ಸುಮ್ನೆ ಕಾಗದದ ಮೇಲೆ ಅದನ್ನಿಟ್ಟು ಸರಿಸಿ ನೋಡಿದೆ, ಹಿಂದೆ ಬಿಳಿ ಸಿಕ್ಕಿದ್ದೇ ಮುಖ ಕಾಣಿಸಿತು. ಹಾಗೇ ಸ್ಕ್ಯಾನ್ ಮಾಡಿದ್ದು ಈಗ ಜಗಲಿಯಲ್ಲಿದೆ. ಮೂಗುತಿ ಒಂದು ಕೂದಲೆಳೆ ಎಡಕ್ಕೆ ಜಾರಿದೆ.