ಎರೆ ಹೊಲದಲ್ಲಿ ಕೆಂಪು ಮಣ್ಣಿನ ಗುಂಡಿ ಬೇಡ

ಅಣ್ಣಾರೆ, ನೆರಳಿಗೆ ಬೇವು ಸರಿನಾ ಅಂತ ಕೇಳಿದ್ದೀರಿ. ಬೇವು ಸರಿಯೇ, ನೀವು ಕಳಿಸಿದ ಫೋಟೊದಲ್ಲಿರೋ ಗುಂಡಿ ಸರಿಯಿಲ್ಲ. ಜೇವರ್ಗಿಯ ಎರೆ (ಕಪ್ಪು ಜಿಗುಟು ಮಣ್ಣಿನ) ಹೊಲದಲ್ಲಿ ಮೂರಡಿ ತೋಡಿ, ಟ್ರಾಲಿಯಲ್ಲಿ ತಂದ ಕೆಂಪು ಮಣ್ಣು, ಮರಳು ತುಂಬಿದ್ದೀರಿ. ಹತ್ತು ವರ್ಷದ ಹಿಂದೆ ನಾನು ಮಾಡಿದ್ದೂ ಇದೇ.

ಆರು ಗಿಡ ಹಚ್ಚಿದ್ದೆ. ಆಗಸ್ಟಿನಲ್ಲಿ ನಾಲ್ಕು ದಿನ ಮಳೆ ಹಿಡಿಯಿತು. ಸುತ್ತಲಿನ ಎರೆ ನೀರು ಇಳಿಯೋಕೆ ಬಿಡಲಿಲ್ಲ, ಗುಂಡಿ ತೊಟ್ಟಿಯಂತೆ ತುಂಬಿ ನಿಂತಿತು. ಎಲೆ ಹಳದಿಯಾದಾಗ ನೀರು ಸಾಲದೇನೋ ಅಂತ ಇನ್ನೆರಡು ಕೊಡ ಸುರಿದೆ ನೋಡಿ! ಕಿತ್ತರೆ ಬೇರು ಕಪ್ಪು, ಸಿಪ್ಪೆ ಕೈಗೇ ಬಂತು, ಚರಂಡಿ ವಾಸನೆ. ನಾಲ್ಕು ಹೋದವು. ಉಳಿದೆರಡರ ಬೇರು ಕೆಂಪು ಮಣ್ಣು ಬಿಟ್ಟು ಆಚೆ ಹೋಗಲೇ ಇಲ್ಲ, ಮೂರನೇ ವರ್ಷ ಗಾಳಿಗೆ ಬುಡಸಮೇತ ಮಲಗಿದವು.

ತೆಗೆದ ಎರೆಯನ್ನೇ ವಾಪಸ್ ಹಾಕಿ, ಒಂದು ಬುಟ್ಟಿ ಹಳೇ ಗೊಬ್ಬರ ಸಾಕು. ಅರ್ಧ ಅಡಿ ದಿಬ್ಬದ ಮೇಲೆ ಗಿಡ ಇರಲಿ. ಬೀದರ್ ಕಡೆ ಕೆಂಪು ನೆಲದವರು ಈ ಮಾತು ಹಿಡೀಬೇಡಿ, ನಿಮ್ಮ ಲೆಕ್ಕ ಬೇರೆ.

ನನ್ನ ಕೇಳಿದರೆ ನರ್ಸರಿಯಿಂದ ಗಿಡವನ್ನೇ ತರಬೇಡಿ. ಎಂಟಡಿ ಗಿಡದ ಬೇರು ಪಾಕೀಟಿನೊಳಗೇ ಸಿಂಬಿ ಸುತ್ತಿರುತ್ತದೆ. ಜೂನ್-ಜುಲೈನಲ್ಲಿ ಉದುರಿದ ಬೇವಿನ ಹಣ್ಣು ಆರಿಸಿ, ತಿರುಳು ತೊಳೆದು, ವಾರದೊಳಗೆ ತೊಗರಿ ಸಾಲಿನಲ್ಲೇ ಊರಿ. ಜಾಗಕ್ಕೆ ನಾಲ್ಕು ಬೀಜ. ಹೋದ ವರ್ಷದ ಬೀಜ ಸುಮ್ನೆ ದಂಡ, ಮೊಳೆಯಲ್ಲ. ತೊಗರಿಯ ನೆರಳು ಸಿಗುತ್ತದೆ, ಆಡಿನ ಕಣ್ಣಿಗೂ ಬೀಳಲ್ಲ. ಗುರುತಿಗೆ ಗೂಟ ನೆಡಿ, ಇಲ್ಲಾಂದ್ರೆ ತೊಗರಿ ಕೊಯ್ಯುವಾಗ ಕುಡುಗೋಲಿಗೆ ಬೇವಿನ ಸಸಿಯೂ ಹೋಗುತ್ತದೆ. ನಮ್ಮಲ್ಲಿ ಹೋಗಿದೆ. ರಾಶಿ ಆದ ಮೇಲೆ ಬಳ್ಳಾರಿ ಜಾಲಿ ಮುಳ್ಳು ಸುತ್ತ ಕಟ್ಟಿ.

ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟರೆ ಎಳೇ ಬೇರು ಹರಿಯುತ್ತದೆ. ಫೆಬ್ರವರಿಯಲ್ಲೇ ಬುಡ ಕೆದರಿ ಹೊಟ್ಟು ಹರಡಿ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ. ದಿನಾ ಚೊಂಬು ನೀರು ಹಾಕೋ ಚಟ ಬಿಡಿ, ಹದಿನೈದು ದಿನಕ್ಕೆ ಎರಡು ಕೊಡ ಸಾಕು. ಬೇರು ಬೆಳೆಸುವ ಪುಡಿ ಅಂತ ಬರೋ ಡಬ್ಬಿಗಳಿಗೆ ನಾನಂತೂ ದುಡ್ಡು ಹಾಕಲ್ಲ. ರೆಂಬೆ ಕತ್ತರಿಸೋ ಕತ್ತರಿ ಮಾತ್ರ ಫಾಲ್ಕನ್ ಕಂಪನಿಯದ್ದು ಕೊಳ್ಳಿ.

ಗುಲ್‌ಮೊಹರ್ ಹಾಕಿ ಅಂದವರಿಗೆ: ಅದು ಮಡಗಾಸ್ಕರ್ ಮರ, ಬೇಸಿಗೆ ಬಂತು ಅಂದರೆ ಎಲೆ ಉದುರಿಸಿ ನಿಲ್ಲುತ್ತದೆ. ನಮಗೆ ನೆರಳು ಬೇಕಾಗೋದೇ ಆಗ, ಅಲ್ವಾ? ಜಾಗ ಜಾಸ್ತಿ ಇದ್ದರೆ ಆಲ ಹಾಕಿ, ತೋಳುಗಾತ್ರದ ಕೊಂಬೆ ನೆಟ್ಟರೂ ಚಿಗುರುತ್ತದೆ. ಬಾವಿ, ಮನೆಯಿಂದ ಮಾತ್ರ ದೂರ ಇರಲಿ. ಮುಂದೆ ಯಾವಾಗಾದರೂ ಬೇವಿನ ತುದಿ ಸುಟ್ಟಂತೆ ಒಣಗಿದರೆ ಗಾಬರಿಬಿದ್ದು ಮರ ಕಡೀಬೇಡಿ. ಅದು ಶಿಲೀಂಧ್ರ ರೋಗ, ಒಣಗಿದ್ದಷ್ಟನ್ನು ಕತ್ತರಿಸಿ ಸುಡಿ. ಹೆಚ್ಚಿನವು ಮತ್ತೆ ಚಿಗುರುತ್ತವೆ.